ಕೊನೆಯ ಚಿಲ್ಲದ ಬೀಜ

ಬೆಳಿಗ್ಗೆ ಹಿತ್ತಲಿಗೆ ಪಾತ್ರೆ ತೊಳೆಯಲು ಹೋದವಳು ಪಾತ್ರೆ ಅಲ್ಲೇ ಬಿಟ್ಟು ಅತ್ತೆಯನ್ನು ಕೂಗಿದೆ. ಹಾಲಿನ ಕವರಿನಲ್ಲಿದ್ದ ಮಣ್ಣು ಬಿರುಕು ಬಿಟ್ಟಿತ್ತು; ಬಿರುಕಿನೊಳಗಿಂದ ಏನೋ ಒಂದು ಕತ್ತು ಬಗ್ಗಿಸಿಕೊಂಡು ಮೇಲೇಳುತ್ತಿತ್ತು. ಚಿಲ್ಲದ ಗಿಡ! ಒಂದು ಮೊಳಕೆಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಈ ಮನೆಯಲ್ಲಿ ಅದಕ್ಕಾಗಿ ಕಾದದ್ದು ನನ್ನ ಮಗಳು ಹುಟ್ಟಿ ಕಾಲೇಜು ಮುಗಿಸಿದಷ್ಟು ಕಾಲ.

ನಾನು ಮದುವೆಯಾಗಿ ರಾಯಕೋಟೆ ಪಕ್ಕದ ಈ ಊರಿಗೆ ಬಂದಾಗ ಮಳೆಗಾಲದ ಬಾವಿ ನೀರು ಚಹಾದ ಬಣ್ಣಕ್ಕಿರುತ್ತಿತ್ತು. ಅತ್ತೆ ಮಣ್ಣಿನ ಕೊಡದ ಒಳಮೈಗೆ ಅಂಗಿಯ ಗುಂಡಿಯಂಥ ಒಂದು ಬೀಜವನ್ನು ಗರಗರ ತೇಯ್ದು, ಮೇಲೆ ನೀರು ತುಂಬಿಡುತ್ತಿದ್ದರು. ಆಮೇಲೆ ನೋಡಿದರೆ ಕೆಸರೆಲ್ಲ ತಳಕ್ಕೆ ಕೂತು ಮೇಲಿನ ನೀರಿನಲ್ಲಿ ಮುಖ ಕಾಣುತ್ತಿತ್ತು. ಹಾಗೇ ಬಗ್ಗಿ ಹಣೆಬೊಟ್ಟು ಸರಿಮಾಡಿಕೊಂಡದ್ದೂ ಉಂಟು ನಾನು. ಅದೇ ಚಿಲ್ಲದ ಬೀಜ. ತಮಿಳಿನವರು ತೇತ್ತಾಂಕೊಟ್ಟೈ ಎನ್ನುತ್ತಾರೆ. ಮರ ನಮ್ಮ ಹೊಲದ ಬದುವಿನ ಮೇಲೇ ಇತ್ತು. ನೇರಳೆಯಂತೆ ಕಪ್ಪಾಗುವ ಹಣ್ಣು ಮಕ್ಕಳಿಗೆ, ಬೀಜ ಕೊಡಕ್ಕೆ, ಕೊಂಬೆ ಗುದ್ದಲಿ ಕಾವಿಗೆ. ಒಂದು ಬಿರುಗಾಳಿಗೆ ಅದು ಬುಡಸಮೇತ ಉರುಳಿತು. ಉಳಿದದ್ದು ಸಾಸಿವೆ ಡಬ್ಬಿಯೊಳಗಿನ ಒಂದು ಹಿಡಿ ಬೀಜ.

ಮರ ಮತ್ತೆ ಬೇಕೆಂಬ ಆಸೆ ಅತ್ತೆಗೆ. ಆದರೆ ಅವರ ಉಳಿತಾಯ ಬುದ್ಧಿ ಕೇಳಿ: ಹೊಸ ಬೀಜ ನೀರಿಗೆ, ತೇಯ್ದು ಸವೆದ ಬೀಜ ಮಣ್ಣಿಗೆ!

"ಅರ್ಧ ಸವ್ದೋಗಿರೋದು ಎಂಗತ್ತೆ ಮೊಳೀತದೆ?" ಎಂದರೆ, "ನಾನೂ ಅರ್ಧ ಸವ್ದೋಗಿವ್ನಿ, ನಿಂಗೆ ಬುದ್ಧಿ ಯೋಳ್ತಿಲ್ವಾ?" ಎನ್ನುತ್ತಿದ್ದರು.

ನಾನೇನು ಮಹಾ ಜಾಣೆಯಲ್ಲ. ಜಗಳವಾಡಿ ಇಡೀ ಬೀಜಗಳನ್ನೇ ಈಸಿಕೊಂಡು ಬಿತ್ತಿದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಒಣಗಿದ್ದ ಅವು ಬೆಣಚುಕಲ್ಲಿನಂತೆ ಮಣ್ಣಲ್ಲಿ ಕೂತವೇ ಹೊರತು ಮೊಳೆಯಲಿಲ್ಲ. ಹೀಗೆ ಇಬ್ಬರೂ ಸೇರಿ ಡಬ್ಬಿ ಬರಿದು ಮಾಡಿದಾಗ ಒಂದೇ ಒಂದು ಉಳಿಯಿತು. ಅದನ್ನು ಅತ್ತೆ ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ತೇಯಲೂ ಇಲ್ಲ, ಬಿತ್ತಲೂ ಇಲ್ಲ. ನಲ್ಲಿಯಲ್ಲಿ ಕೆಂಪು ನೀರು ಬಂದ ದಿನವೂ ಅದೇ ಮಾತು: "ಮುಟ್ಬ್ಯಾಡ. ಇದೂ ಓದ್ರೆ ಆ ಮರದ ಎಸ್ರೇ ಇರಾಕಿಲ್ಲ."

ಈ ಸಲ ಕಾಡಂಚಿನ ಜವಳಗಿರಿಗೆ, ತನ್ನ ಮಾವನ ಮನೆಗೆ ಹೋಗಿದ್ದ ನನ್ನ ಮೈದುನ ಊಟದ ಡಬ್ಬಿ ತುಂಬ ಕಪ್ಪು ಚಿಲ್ಲದ ಹಣ್ಣು ತಂದ.

"ತಿನ್ನಿ ಅತ್ಗೆ. ಎಲೆ ಅಲ್ಲಾಡಿದ್ಕೆಲ್ಲ ಆನೆ ಬಂತು ಅಂತ ಎದ್ರಿ ಎದ್ರಿ ಆಯ್ಕಂಡ್ ಬಂದಿವ್ನಿ!"

ತಿರುಳು ತಿಂದು, ಬೀಜ ತೊಳೆದು, ಒಣಗಲು ಬಿಡದೆ ಅವತ್ತೇ ಕೆಮ್ಮಣ್ಣಿಗೆ ಹಳೇ ಗೊಬ್ಬರ ಬೆರೆಸಿ ಹಾಲಿನ ಕವರುಗಳಲ್ಲಿ ಬಿತ್ತಿದೆವು. ಅಲ್ಲಿಂದ ಶುರುವಾಯಿತು ಅತ್ತೆಯ ತಪಾಸಣೆ. ದಿನಾ ಕಡ್ಡಿಯಲ್ಲಿ ಮಣ್ಣು ಕೆದಕಿ ನೋಡುವುದು.

"ಬೇಯ್ತಿರೋ ಅನ್ನ ಏನತ್ತೆ, ಅಗುಳು ಇಸುಕಿ ನೋಡಾಕೆ?" ಎಂದು ರೇಗಿ ಕವರುಗಳನ್ನು ನೀರಿನ ತೊಟ್ಟಿಯ ಹಿಂದಕ್ಕೆ ಸಾಗಿಸಿದ್ದೆ.

ಇವತ್ತು ನನ್ನ ಕೂಗಿಗೆ ಅತ್ತೆ ಬಾಯಿ ತುಂಬ ಹಲ್ಲುಪುಡಿಯೊಂದಿಗೇ ಓಡಿ ಬಂದರು. ಪಕ್ಕದ ಕವರಿನಲ್ಲೂ ಮಣ್ಣು ಉಬ್ಬಿತ್ತು. ಮುಟ್ಟಲು ಹೋಗಿ, ನನ್ನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡರು. ಬಾಯಿ ಮುಕ್ಕಳಿಸಿ ಒಳಗೆ ನಡೆದರು. ಸ್ವಲ್ಪ ಹೊತ್ತಿಗೆ ಗರಗರ ಸದ್ದು. ಹೋಗಿ ನೋಡಿದರೆ, ಹಳದಿ ಬಟ್ಟೆ ಬಿಚ್ಚಿಬಿದ್ದಿದೆ. ಅತ್ತೆ ಕೊಡದೊಳಗೆ ಮೊಣಕೈವರೆಗೂ ಕೈ ತೂರಿಸಿ ಆ ಬೀಜ ತೇಯುತ್ತಿದ್ದಾರೆ.

"ಅಯ್ಯೋ ಅತ್ತೆ, ಕೊನೇದು!"

"ಕೊನೇದು ಯಾಕಾಯ್ತದೆ? ಇತ್ಲಲ್ಲಿ ಐತಲ್ಲ. ನೀರ್ ಉಯ್ಯಮ್ಮಿ, ಸುಮ್ಕೆ ನಿಂತವ್ಳೆ."

ಹೊಯ್ದೆ. ತಿಳಿಯಾಗುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಮತ್ತೆ ಹಿತ್ತಲಿಗೆ ಓಡಿದೆವು.