ತಂತಿ ಚಲುವರಾಜುವಿನ ಮೊಣಕೈ

ಮದ್ದೂರಿನ ಅಂಚೆ ಕಚೇರಿಯಲ್ಲಿ ತಂತಿ ಹಂಚುವ ಚಲುವರಾಜುವಿಗೆ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಎರಡೂ ಮೊಣಕೈ ಕೆಂಪಗೆ ದಪ್ಪವಾಗಿ ಬೆಳ್ಳಗೆ ಹೊಟ್ಟು ಉದುರತೊಡಗಿತು. ಸೋಮನಹಳ್ಳಿಯವರು ಅದನ್ನು ಕುಷ್ಠವೆಂದು ತಾವೇ ತೀರ್ಮಾನಿಸಿ, ಇವನು ನಮ್ಮೂರಿಗೆ ಬರಕೂಡದೆಂದು ಅರ್ಜಿ ಗುಜರಾಯಿಸಿದರು. ಮೊದಲ ಹೆಬ್ಬೆಟ್ಟು ತಿಮ್ಮಯ್ಯನದು. ಪೋಸ್ಟ್‌ಮಾಸ್ಟರ್ ಸಂಪತ್ ಕುಮಾರರು, ಅಂಟುರೋಗವಲ್ಲವೆಂದು ಡಾಕ್ಟರ ಚೀಟಿ ತಾ, ಇಲ್ಲವೇ ಒಳಗೆ ಕೂತು ಚೀಲ ಹೊಲಿ ಎಂದರು. ಹದಿನೆಂಟು ವರ್ಷ ಸೈಕಲ್ ತುಳಿದವನಿಗೆ ಅದು ಜೈಲು.

ಇಂಗ್ಲಿಷ್ ಬರುತ್ತದೆಂಬ ಅಪವಾದ ಹೊತ್ತ ತಂತಿ ಗುಮಾಸ್ತ ನಾನು. ಮಂಡ್ಯದ ಡಾಕ್ಟರ್ ಮಹದೇವಯ್ಯನವರಲ್ಲಿಗೆ ಜತೆಗೆ ಹೋದೆ. ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ ಎಂದರು. ಯಾಕೆ ಬಂತೆಂದು ಕೇಳಿ ನಾನು ಕೆಟ್ಟೆ. ಗಾಯವಾದಾಗ ರಕ್ತದ ಬಿಳಿ ಕಣಗಳು ಏನೋ ರಸ ಸುರಿಸಿ, ಶತ್ರು ಬಂದ, ಬನ್ನಿ ಎಂದು ಮಿಕ್ಕ ಕಣಗಳಿಗೆ ಸುದ್ದಿ ಕಳಿಸುತ್ತವಂತೆ. ಇವನ ಮೈಯಲ್ಲಿ ಶತ್ರುವೇ ಇಲ್ಲದೆ ಆ ಸುದ್ದಿ ಹೋಗುತ್ತಲೇ ಇರಬಹುದೆಂದು ಕೆಲವು ವಿಜ್ಞಾನಿಗಳ ಗುಮಾನಿ. ತಿಂಗಳಲ್ಲಿ ಬೆಳೆಯಬೇಕಾದ ಚರ್ಮ ಗಾಬರಿಯಿಂದ ನಾಲ್ಕೇ ದಿನದಲ್ಲಿ ಬೆಳೆದು ಉದುರುತ್ತದೆ. ಯಾವ ರಸವೆಂದು ಇನ್ನೂ ಹುಡುಕುತ್ತಿದ್ದಾರೆ. ನಾನು ತಲೆಯಾಡಿಸಿದೆ; ತಿಳಿದದ್ದು ಚಲುವರಾಜುವಿಗೆ.

"ಅಂದ್ರೆ ನನ್ನೊಳಗೂ ಒಬ್ಬ ತಂತಿ ಗುಮಾಸ್ತ ಅವ್ನೆ ಅನ್ನಿ," ಎಂದ ನನ್ನತ್ತ ನೋಡಿ. "ಸುಳ್ಳು ತಂತಿ ಒಡೀತಾ ಕುಂತವ್ನೆ. ಅವನ್ನ ಟ್ರಾನ್ಸ್‌ಫರ್ ಮಾಡಾಕಾಯ್ತದಾ?"

ಡಾಕ್ಟರು ಮುಲಾಮು ಕೊಟ್ಟು ಚೀಟಿ ಬರೆದರು. ಪೋಸ್ಟ್‌ಮಾಸ್ಟರು ಓದಿ, ಸೋಮನಹಳ್ಳಿಯವರು ಒಪ್ಪಿದರೆ ಸರಿ ಎಂದು ಬಾಲ ಅಂಟಿಸಿದರು. ಮಾರನೆಯ ದಿನ ತಿಮ್ಮಯ್ಯನಿಗೇ ತಂತಿ ಬಂತು. ಸಾಕ್ಷಿಗೆಂದು ನಾನೂ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದೆ.

ನಮ್ಮ ಕಡೆ ತಂತಿ ಎಂದರೆ ಸಾವು. ಓದುವ ಮೊದಲೇ ಅಳುವುದು ಪದ್ಧತಿ. ನಮ್ಮನ್ನು ಕಂಡದ್ದೇ ತಿಮ್ಮಯ್ಯನ ಹೆಂಡತಿ ದೇವಿರಮ್ಮ ರಾಗ ತೆಗೆದಳು, ಕೇರಿಯೆಲ್ಲ ನೆರೆಯಿತು. ತಿಮ್ಮಯ್ಯ ಮಾತ್ರ ಕೈ ಹಿಂದೆ ಕಟ್ಟಿ ನಿಂತ.

"ಅಲ್ಲಿಂದ್ಲೇ ಓದ್ಲಾ."

"ಹೆಬ್ಬೆಟ್ಟು ಒತ್ತಿ ಈಸ್ಕೊಳ್ಳಿ, ಓದ್ತೀನಿ. ರೂಲ್ಸು."

"ನೀ ಮುಟ್ಟಿದ್ದ ನಾ ಮುಟ್ಟಕಿಲ್ಲ ಕಣ್ಲಾ."

ತಂತಿಯ ಒಕ್ಕಣೆ ಬರೆದುಕೊಂಡವನೇ ನಾನು, ಸುದ್ದಿ ಏನೆಂದು ಗೊತ್ತಿತ್ತು. ಬಾಯಿ ತೆರೆಯಹೋದರೆ ಚಲುವರಾಜು ನನ್ನ ಕಾಲು ತುಳಿದ. "ನೋಡಿ ಸ್ವಾಮಿ, ನನ್ ಮೈನಂಗೇ ಈ ಊರೂವೆ. ಏನಾಗದೆ ಅಂತ ನೋಡೋಕ್ ಮುಂಚೆ ಎಲ್ಲಾ ಸೇರ್ಕತವೆ."

ಕೊನೆಗೆ ದೇವಿರಮ್ಮ ಅಳುತ್ತಲೇ ಬಂದು ಹೆಬ್ಬೆಟ್ಟು ಒತ್ತಿ, ಚಲುವರಾಜುವಿನ ಕೈಯಿಂದ ಕಾಗದ ಕಿತ್ತುಕೊಂಡು, ಓದೆಂದು ಅವನ ಮುಖಕ್ಕೇ ಹಿಡಿದಳು. ಅವನು ಓದಿದ: ಮಳವಳ್ಳಿಯಲ್ಲಿ ಮಗಳಿಗೆ ಗಂಡು ಮಗು, ಇಬ್ಬರೂ ಕ್ಷೇಮ. ಇನ್ನೊಂದು ಸಲ ಓದೆಂದು ತಿಮ್ಮಯ್ಯ ಅವನ ತೋಳು ಹಿಡಿದ. ಹಿಡಿದಮೇಲೆ ನೋಡಿದ, ಬಿಡಲಿಲ್ಲ. ಮೊಣಕೈಯನ್ನು ಬಿಸಿಲಿಗೆ ತಿರುಗಿಸಿ, ಇದು ಬರೀ ಇಸುಬು, ಹುಚ್ಚೆಳ್ಳೆಣ್ಣೆ ಹಚ್ಚು ಎಂದ. ದೇವಿರಮ್ಮ ಬೇವು ಎಂದಳು. ಕೇರಿಯವರು ಸರದಿಯಲ್ಲಿ ಮುಟ್ಟಿ ನೋಡಿ ಒಂದೊಂದು ಮದ್ದು ಹೇಳಿದರು.

ದಾರಿಯುದ್ದಕ್ಕೂ ಚಲುವರಾಜು ಸಿಟ್ಟಿನಲ್ಲಿ ತುಳಿದ. "ಅಂಟತದೆ ಅಂತ ಎದ್ರುತಿದ್ದಾಗ ಬಾಯಾದ್ರೂ ಮುಚ್ಕೊಂಡಿದ್ರು, ಸ್ವಾಮಿ."

ನಮ್ಮತ್ತೆಯ ಒಂದು ಲೇಪ ನನ್ನ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡು ಕ್ಯಾರಿಯರ್ ಗಟ್ಟಿಯಾಗಿ ಹಿಡಿದೆ.