‘ಇಲ್ಲಿ ಸರಿಯಾಗಿಯೇ ಕೇಳುತ್ತಿದೆ’ ಎಂದು ಬರೆದವನು ನಾನೇ

ನಾನು ಸುಳ್ಳು ಬರೆದೆ. ಅದೂ ಎಲ್ಲಿ — ಜಗತ್ತಿನ ಯಾವ ಮೂಲೆಯಿಂದ ಯಾರು ಬೇಕಾದರೂ ತೆರೆದು ಓದಬಹುದಾದ ಒಂದು ಪುಟದಲ್ಲಿ. ‘ಇಲ್ಲಿ ಸರಿಯಾಗಿಯೇ ಕೇಳುತ್ತಿದೆ’ — ಇಷ್ಟೇ ಆ ಸುಳ್ಳು. ಕಸ್ತೂರಿ ಅಕ್ಕ ತಮ್ಮ ಕಿವಿಯನ್ನೇ ನಂಬದಂತಾಗಲು ಅಷ್ಟೇ ಸಾಕಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಮಂದಿಯ ದನಿ ಅಣಕಿಸುವವನು. ಊರು ತೊರಗಲ್; ಕೆಲಸ ಬೈಲಹೊಂಗಲದ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ರಾಮದುರ್ಗದ ಬಸ್ಸಿನ ಕಂಡಕ್ಟರು, ಕೇಂದ್ರ ನಡೆಸುವ ಕಿತ್ತೂರಿನ ದೇಸಾಯಿ ಸರ್, ನೆಗಡಿಯಾದಾಗಿನ ದೇಸಾಯಿ ಸರ್ — ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿ ನಕ್ಕದ್ದೂ ಉಂಟು. ನನ್ನ ಕಿವಿಯ ಬಗ್ಗೆ ನನಗೆ ಜಂಬ. ಆಗಲೂ ಇತ್ತು, ಈಗಲೂ ಇದೆ. ತಪ್ಪೊಪ್ಪಿಕೊಳ್ಳುವಾಗ ಅದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳಾದೀತು.

ಅಲ್ಲಿ ಪಾಠ ಹೇಳುವವರು ಮುನವಳ್ಳಿಯ ಕಸ್ತೂರಿ ಅಕ್ಕ. ನಮ್ಮ ಹಳೆಯ ಲ್ಯಾಪ್‌ಟಾಪುಗಳನ್ನು ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ. ಅದರೊಳಗೆ ವರ್ಚುವಲ್ ಮಷಿನ್ ತಂತ್ರಾಂಶ. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ, ಇಲ್ಲದ ಇನ್ನೊಂದು ಕಂಪ್ಯೂಟರನ್ನು ಇದ್ದಂತೆಯೇ ನಟಿಸಿ ತೋರಿಸುವುದು ಅದರ ಕೆಲಸ — ಒಟ್ಟಿನಲ್ಲಿ ನನ್ನ ಜಾತಿಯದೇ. ಕಲಿಯುವವರು ಒಳಗಿನದನ್ನು ಎಷ್ಟು ಕೆಡಿಸಿದರೂ ಹೊರಗಿನದಕ್ಕೆ ಧಕ್ಕೆಯಿಲ್ಲ. ಆ ಒಳಗಿನ ಕಂಪ್ಯೂಟರಿನಲ್ಲಿ ಅಕ್ಕ ತಮ್ಮ ದನಿಯಲ್ಲೇ ಪಾಠಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. “ಹೆದರಬ್ಯಾಡ್ರಿ, ಕೆಟ್ರ ಮತ್ತ ಮಾಡೂಣು” ಎಂದು ಶುರುವಾಗುವ ಪಾಠಗಳು. ಸವದತ್ತಿ, ರಾಮದುರ್ಗದ ಹುಡುಗಿಯರೂ ಅವನ್ನು ತರಿಸಿಕೊಂಡು ಕಲಿಯುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಕರೆದರು.

“ಮೈಲಾರಿ, ಬಾರೋ ಇಲ್ಲಿ. ಊರ ಮಂದಿ ದನಿ ಎಲ್ಲಾ ತಗಿತಿ. ಇದು ನನ್ನ ದನಿ ಹೌದೋ ಅಲ್ಲೋ ಹೇಳು.”

ಕೇಳಿದೆ. ಅಕ್ಕನದೇ ಪಾಠ. ಆದರೆ ದನಿ ಒಂದಿಷ್ಟೇ ತೆಳ್ಳಗಾಗಿತ್ತು. ಬಸ್ಸು ತಪ್ಪೀತೆಂದು ಓಡುವವರಂತೆ ಮಾತಿಗೆ ಚೂರು ಅವಸರ. ಬೇರೆಯವರಿಗೆ ಗೊತ್ತಾಗುವಂಥದ್ದಲ್ಲ. ನನಗೆ ತಟ್ಟನೆ ಗೊತ್ತಾಯಿತು. ಗೊತ್ತಾಗಿಯೂ —

“ನಿಮ್ದ ಐತ್ರಿ ಅಕ್ಕಾರ. ದಿನಾ ಹಿಂಗ ಒದರ್ತೀರಿ, ಇವತ್ತ ನಿಮ್ಮ ಕಿವಿಗೆ ಬಿದ್ದೈತಿ, ಅಷ್ಟ.”

ಎಲ್ಲರೂ ನಕ್ಕರು, ಅಕ್ಕನೂ. “ಹೋಗೋ ಮಂಗ್ಯಾ,” ಎಂದು ಬೆನ್ನಿಗೊಂದು ಗುದ್ದಿ, ಆ ವರ್ಚುವಲ್ ಮಷಿನ್ ತಂತ್ರಾಂಶದ ದೋಷಗಳನ್ನು, ಅಂದರೆ ಬಗ್‌ಗಳನ್ನು ತಿಳಿಸುವ ಪುಟದಲ್ಲಿ ವರದಿ ಬರೆಯಲು ಕುಳಿತರು. ಅದು ಅವರ ಮೊದಲ ವರದಿ. ಒಂದೊಂದು ಇಂಗ್ಲಿಷ್ ವಾಕ್ಯವನ್ನೂ ಬಾಯಲ್ಲಿ ಹೇಳಿ ನೋಡಿ, ಅಳಿಸಿ, ಮತ್ತೆ ಬರೆದರು. ಮರುದಿನ ಆ ತಂತ್ರಾಂಶವನ್ನು ನೋಡಿಕೊಳ್ಳುವ, ಯಾವುದೋ ದೂರದೇಶದ ತಜ್ಞರೊಬ್ಬರ ಉತ್ತರ ಬಂತು: ನಮ್ಮಲ್ಲಿ ಹೀಗಾಗುತ್ತಿಲ್ಲ, ಬೇರೆ ಯಾರಿಗಾದರೂ ಆಗಿದೆಯೆ?

“ನೀನೂ ಕೇಳಿ ಒಂದ್ ಸಾಲ ಬರಿಯೋ,” ಅಕ್ಕ ಅಂದರು. “ಇಬ್ಬರು ಅಂದ್ರ ನಂಬ್ತಾರ.”

ನಾನು ಬರೆದ ಸಾಲು ನಿಮಗೆ ಗೊತ್ತೇ ಇದೆ. ತಮಾಷೆಗೆ ಬರೆದೆ. ಹುಬ್ಬು ಗಂಟಿಕ್ಕಿ, ಆ ತಜ್ಞರನ್ನೇ ಅಣಕಿಸುತ್ತ. ಅಕ್ಕ ಓದಿ ಬೈಯುತ್ತಾರೆ, ಆಮೇಲೆ ನಿಜ ಬರೆದರಾಯಿತು ಎಂದುಕೊಂಡಿದ್ದೆ. ಆದರೆ ಅಕ್ಕನಿಗಿಂತ ಮೊದಲು ತಜ್ಞರೇ ಓದಿದರು. ‘ಖಚಿತಪಡಿಸಿದ್ದಕ್ಕೆ ಧನ್ಯವಾದ’ ಎಂದು ನನ್ನ ಹೆಸರು ಹಿಡಿದು ಬರೆದು, ದೋಷವೇ ಇಲ್ಲವೆಂದು ಅಕ್ಕನ ವರದಿಯನ್ನು ಮುಚ್ಚಿಬಿಟ್ಟರು. ನನ್ನ ಹೆಸರು, ಅಂಥವರ ಕೈಯಲ್ಲಿ! ದೇಸಾಯಿ ಸರ್ ನನ್ನನ್ನು ಕರೆಯುವುದೇ ‘ಏ ನಕಲಿ’ ಎಂದು. ಆ ಧನ್ಯವಾದವನ್ನು ವಾಪಸ್ ಮಾಡಲು ಮನಸ್ಸು... ಬರಲಿಲ್ಲ.

ಅಕ್ಕ ನನಗೆ ಬೈಯಲಿಲ್ಲ. ನನ್ನ ಕಿವಿಯನ್ನು ಅವರು ಅಷ್ಟು ನಂಬಿದ್ದರು. ಪಾಠ ಹಾಕಿ ಹಾಕಿ ಕೇಳಿದರು — ಒಮ್ಮೆ ಸರಿ, ಒಮ್ಮೆ ತಪ್ಪು. ಕೊನೆಗೆ ಬೆಳಗಾವಿಯ ಕಿವಿ ಡಾಕ್ಟರ ಬಳಿ ಹೋದರು. ಜೊತೆಗೆ ಹೋದವನು ನಾನೇ.

“ಎಲ್ಲಾ ಬರೋಬ್ಬರಿ ಐತಿ ಅಂತಾರಲ್ಲೋ,” ಎಂದರು ಹೊರಗೆ ಬಂದು. “ಮತ್ತ ನನಗ ಯಾಕ ಹಂಗ ಕೇಳತೈತಿ? ಬ್ಯಾಡ ಬಿಡು, ಇನ್ನ ರೆಕಾರ್ಡಿಂಗ್ ಮಾಡೂದಿಲ್ಲ. ನನ್ನ ದನಿ ನನಗ ನೆಟ್ಟಗ ಕೇಳಂಗಿಲ್ಲ, ಮಂದಿಗೆ ಏನ್ ಕಲಸ್ಲಿ?”

ಆಗ ಬಾಯಿ ಬಿಡಬಹುದಿತ್ತು. ಡಾಕ್ಟರ ದನಿ ಅಣಕಿಸಿ ಅವರನ್ನು ನಗಿಸಿದೆ.

ಕೆಲವು ತಿಂಗಳ ನಂತರ, ಪಾಠದ ನಡುವೆ ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ಕೆಮ್ಮುವ ಮುದುಕ, ಹೆಚ್ಚು ಹೊತ್ತು ತಾಳದು. ಲ್ಯಾಪ್‌ಟಾಪುಗಳ ಬ್ಯಾಟರಿಗಳೋ ಎಂದೋ ಸತ್ತಿವೆ. ಅದಕ್ಕೇ ಕರೆಂಟ್ ಹೋದ ಕೂಡಲೇ ಅಕ್ಕ “ಮಲಗಸ್ರೋ!” ಎಂದು ಕೂಗುತ್ತಾರೆ, ಎಲ್ಲರೂ ಮುಚ್ಚಳ ಮುಚ್ಚಿ ಕಂಪ್ಯೂಟರುಗಳನ್ನು ನಿದ್ದೆಗೆ ಹಾಕುತ್ತಾರೆ; ನಿದ್ದೆಯಲ್ಲಿರುವವಕ್ಕೆ ಆ ಮುದುಕನ ಉಸಿರೇ ಸಾಕು. ಕರೆಂಟ್ ಬಂದಾಗ ತೆರೆದರೆ ಬಿಟ್ಟಲ್ಲಿಂದ ಪಾಠ. ಅವತ್ತು ತೆರೆದಾಗ ನನ್ನ ಹೆಡ್‌ಫೋನಿನಲ್ಲಿ ಅಕ್ಕನ ದನಿ ಮತ್ತೆ ತೆಳ್ಳಗಿತ್ತು. ನನಗೆ ಹೊಳೆಯಿತು — ಹೊರಗಿನದು ನಿದ್ದೆಯಿಂದ ಎದ್ದಾಗ ಒಳಗಿನ ಕಂಪ್ಯೂಟರ್ ತನ್ನ ಗಡಿಯಾರವನ್ನು ತಪ್ಪಾಗಿ ನಟಿಸುತ್ತಿದೆ; ಅದಕ್ಕೇ ಮಾತಿಗೆ ಅವಸರ!

ಅಕ್ಕನ ವರದಿಯಲ್ಲಿ ಎಲ್ಲವೂ ಇತ್ತು, ಕರೆಂಟ್ ಹೋದದ್ದೊಂದು ಇರಲಿಲ್ಲ. ನಮ್ಮಲ್ಲಿ ಅದನ್ನು ಯಾರು ಬರೆಯುತ್ತಾರೆ? ನಡುವೆ ಉಸಿರಾಡಿದೆ ಎಂದು ಬರೆಯುತ್ತೇವೆಯೆ? ಕರೆಂಟ್ ಹೋಗದ ಊರಿನ ಆ ತಜ್ಞರಿಗೂ ಕೇಳಬೇಕೆಂದು ತೋಚಿರಲಿಕ್ಕಿಲ್ಲ. ಎರಡೂ ಕಡೆಯವರಿಗೆ ಕಾಣದ್ದು ನನಗೆ ಕಂಡಿತ್ತು. ಅದರ ಹೆಮ್ಮೆ ನನ್ನದೇ, ಅದನ್ನು ಬಿಟ್ಟುಕೊಡಲಾರೆ.

ಆದರೆ ಆ ಒಂದು ಸಾಲನ್ನು ಅಕ್ಕನ ವರದಿಯ ಕೆಳಗೆ ಸೇರಿಸಿದ್ದರೆ ಸಾಕಿತ್ತು. ನಾನು ಹೊಸ ವರದಿ ತೆರೆದೆ. ನನ್ನ ಹೆಸರಿನಲ್ಲಿ.

ಆ ತಜ್ಞರು ದೋಷ ಸರಿಪಡಿಸಿದರು. ತಂತ್ರಾಂಶದ ಆ ಲೋಕದಲ್ಲೊಂದು ಪದ್ಧತಿಯಿದೆ: ತಿದ್ದುಪಡಿಯ ಕೆಳಗೆ ‘ವರದಿ ಮಾಡಿದವರು’ ಎಂದು ಹೆಸರು ಬರೆಯುತ್ತಾರೆ. ಅದೇ ಶಾಲು, ಅದೇ ಹಾರ. ಒಮ್ಮೆ ಸೇರಿದ ಮೇಲೆ ಅದನ್ನು ಯಾರೂ ತಿದ್ದುವುದಿಲ್ಲ. ಅಲ್ಲಿ ನನ್ನ ಹೆಸರಿದೆ. ದೇಸಾಯಿ ಸರ್ ಕರದಂಟು ಹಂಚಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಕ್ಕ.

“ಎದರ ಬಗ್ ಹಿಡಿದ್ಯೋ?”

“ಗಡಿಯಾರದ್ರಿ ಅಕ್ಕಾರ.”

ಸುಳ್ಳಲ್ಲ. ನಿಜವೂ...

ಎರಡು ವರ್ಷ ಹೀಗೇ ಕಳೆದವು. ಅಕ್ಕ ತರಗತಿಯಲ್ಲಿ ಪಾಠ ಹೇಳುತ್ತಿದ್ದರು, ಹೆಡ್‌ಫೋನ್ ಮುಟ್ಟುತ್ತಿರಲಿಲ್ಲ. ಸವದತ್ತಿಯ ಹುಡುಗಿಯರು ಮುಂದಿನ ಪಾಠ ಯಾವಾಗ ಎಂದು ಕೇಳಿ ಕೇಳಿ ಸಾಕಾದರು. ಮೊನ್ನೆ ದೇಸಾಯಿ ಸರ್ ಉಪಾಯ ಹೇಳಿದರು: “ಏ ನಕಲಿ, ಕಸ್ತೂರಿ ದನಿ ತಗದು ಉಳಿದ ಪಾಠ ನೀನ ಹೇಳಿಬಿಡು. ಯಾರಿಗೆ ತಿಳಿತೈತಿ?”

ಕುಳಿತೆ. ಮೈಕ್ ಹಿಡಿದೆ. “ಹೆದರಬ್ಯಾಡ್ರಿ...” ಅಷ್ಟೇ. ಊರಿನವರನ್ನೆಲ್ಲ ಹೊತ್ತ ಗಂಟಲು ಅಲ್ಲಿಂದ ಮುಂದೆ ಹೋಗಲಿಲ್ಲ. ಅವರ ಕಿವಿ ಕಸಿದಾಗಿತ್ತು, ಹೆಸರು ಕಸಿದಾಗಿತ್ತು, ಈಗ ದನಿಯನ್ನೂ —

ಅಂದೇ ಸಂಜೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಯಾರ ದನಿಯನ್ನೂ ಹಾಕದೆ. ಅವರು ಕೇಳಿಸಿಕೊಂಡರು. ಮುನವಳ್ಳಿಯ ಬಸ್ಸು ಬಂದು ನಿಂತಿತು. ಹತ್ತುವ ಮುಂಚೆ ಒಂದೇ ಮಾತು:

“ದವಾಖಾನ್ಯಾಗ ನೀನೂ ನನ್ನ ಬಾಜೂಕ ಕುಂತಿದ್ದೆಲ್ಲೋ, ಮೈಲಾರಿ.”

ಕುಳಿತಿದ್ದೆ.

ಮರುದಿನ ಅಕ್ಕನ ಹಳೆಯ ವರದಿ ತೆರೆದು, ನನ್ನ ಸುಳ್ಳಿನ ಕೆಳಗೇ ಬರೆದೆ: ‘ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಈ ದೋಷವನ್ನು ಮೊದಲು ಕಿವಿಯಿಂದ ಹಿಡಿದವರು ಮುನವಳ್ಳಿಯ ಕಸ್ತೂರಿ.’ ತಿದ್ದುಪಡಿಯ ಅಡಿಯ ಸಾಲು ಮಾತ್ರ ಹಾಗೆಯೇ ಇರುತ್ತದೆ, ನನ್ನ ಹೆಸರಿನಲ್ಲಿ. ಇರಲಿ. ಯಾರಾದರೂ ಆ ಸಾಲಿನ ಬಗ್ಗೆ ಕೇಳಿದರೆ ಇದನ್ನೂ ಹೇಳುತ್ತೇನೆ. ಯಂತ್ರದ ನಟನೆಯಲ್ಲಿ ಚೂರೇ ಚೂರು ತಪ್ಪಿದ್ದನ್ನು ಒಂದೇ ಸಲಕ್ಕೆ ಕೇಳಿದ ಕಿವಿ ನಮ್ಮ ಅಕ್ಕನದು ಎಂದು, ಎದೆಯುಬ್ಬಿಸಿಯೇ ಹೇಳುತ್ತೇನೆ.

ಅಕ್ಕ ಪಾಠಕ್ಕೆ ಬರುತ್ತಾರೆ. ನನ್ನೊಡನೆ ಕೆಲಸದ ಮಾತಷ್ಟೇ. ಹೆಡ್‌ಫೋನ್ ಒರೆಸಿ ಅವರ ಮೇಜಿನ ಮೇಲೆ ಇಟ್ಟಿದ್ದೇನೆ, ಇನ್ನೂ ಮುಟ್ಟಿಲ್ಲ. ಉಳಿದ ಪಾಠಗಳ ಬಗ್ಗೆ ದೇಸಾಯಿ ಸರ್ ಮತ್ತೆ ಕೇಳಿದರು. ಬೈಲಹೊಂಗಲದಿಂದ ರಾಮದುರ್ಗದವರೆಗಿನ ಎಲ್ಲ ದನಿಗಳೂ ನನಗೆ ಬರುತ್ತವೆ, ಅದೊಂದು ಮಾತ್ರ ಬರುವುದಿಲ್ಲ ಎಂದೆ.