ಗಾಜಿನ ಮೇಲಿನ ಹಕಾರ

ಶಿರಾ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಇನ್ನೂ ಯಾವ ಅಂಗಡಿಯೂ ಬಾಗಿಲು ತೆಗೆದಿಲ್ಲ. ಟೀ ಅಂಗಡಿಯವನು ಈಗಷ್ಟೇ ಸ್ಟವ್ ಹೊತ್ತಿಸುತ್ತಿದ್ದಾನೆ. ಅವನ ಪಕ್ಕದ ಝೆರಾಕ್ಸ್ ಅಂಗಡಿಯ ಶಟರ್ ಮಾತ್ರ ಅರ್ಧ ಮೇಲಕ್ಕೆ ಹೋಗಿದೆ. ಒಳಗೆ ಅಂಬ್ರೀನ್ ಯಂತ್ರದ ಮುಚ್ಚಳ ಎತ್ತಿ, ಗಾಜಿನ ಮೇಲೆ ಬಾಗಿ, ಬಾಯಿ ತೆರೆದು ಉಸಿರು ಬಿಡುತ್ತಾರೆ. ಹಾ. ಗಾಜು ಮಂಜಾಗುತ್ತದೆ. ಹಳೇ ದುಪಟ್ಟಾದ ತುಂಡಿನಿಂದ ಒರೆಸುತ್ತಾರೆ. ಮತ್ತೆ, ಹಾ.

ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಹರ್ಷಿತಾ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಅದನ್ನೇ ಮಾಡುತ್ತಾಳೆ. ಹಾ. ಹ್ಯಾಟ್. ಹೆನ್. ಇಲ್.

"ಬಿತ್ತು," ಎನ್ನುತ್ತಾರೆ ಅಂಬ್ರೀನ್, ಹಿಂದೆ ತಿರುಗದೆ.

"ಎಲ್ಲಿ ಬಿತ್ತಕ್ಕ? ಸರಿಯಾಗೇ ಏಳಿದ್ನಲ್ಲ."

"ನಾನು ಹೇಳು ಅಂದದ್ದು ಹಿಲ್, ಬೆಟ್ಟ ಕಣೇ. ನೀನು ಇಲ್ ಅಂದು ಕಾಯಿಲೆ ಬಿದ್ದೆ."

ಹರ್ಷಿತಾ ನಗುವುದಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ನಾಳೆ ಪರೀಕ್ಷೆ.

ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯ ಈ ಹುಡುಗಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಪಿಯುಸಿವರೆಗೂ ಕನ್ನಡದಲ್ಲೇ ಓದಿದವಳು ಈಗ ತುಮಕೂರಿನ ಕಾಲೇಜೊಂದರಲ್ಲಿ ಬಿ.ಎ. ಸೇರಿದ್ದಾಳೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಪಾಸಾದರೆ ಮಾತ್ರ ಅಲ್ಲಿ ಸೀಟು ಖಾಯಂ. ಒಂದು ಗದ್ಯಭಾಗ ಓದಿ ಉತ್ತರ ಬರೆಯಬೇಕು, ಆಮೇಲೆ ಸ್ವಂತವಾಗಿ ಒಂದು ಪುಟ. ಅವಕಾಶ ಎರಡೇ, ಮೊದಲನೆಯದು ಆಗಲೇ ಕೈತಪ್ಪಿದೆ. ನಾಳೆಯದೂ ತಪ್ಪಿದರೆ ಸೀಟೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಹರ್ಷಿತಾಳಿಗೆ ಬ್ರೈಲ್ ಓದಲು ಬರುತ್ತದೆ, ಆದರೆ ಆ ಪ್ರಶ್ನೆಪತ್ರಿಕೆ ಬ್ರೈಲ್‌ನಲ್ಲಿ ಬರುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಅವಳ ಕಣ್ಣೂ ಕೈಯೂ ಅಂಬ್ರೀನ್ ಅವರೇ.

ಅಂಬ್ರೀನ್ ಮಾಡುವ ಈ ಕೆಲಸಕ್ಕೆ ಸರ್ಕಾರಿ ಕಾಗದದಲ್ಲಿ ಲಿಪಿಕಾರರು ಎಂಬ ಹೆಸರಿದೆ. ಊರಲ್ಲಿ ಯಾರೂ ಹಾಗನ್ನುವುದಿಲ್ಲ, "ಪರೀಕ್ಷೆ ಬರೆಯೋ ಅಂಬ್ರೀನ್" ಅಂದರೆ ಸಾಕು. ಅಂಗವಿಕಲರ ಪ್ರಮಾಣಪತ್ರದ ಪ್ರತಿ ಮಾಡಿಸಲು ಬಂದ ತಂದೆಯೊಬ್ಬರು ಅವರ ಅಕ್ಷರ ನೋಡಿ, "ನನ್ನ ಮಗನಿಗೆ ಬರೆದುಕೊಡ್ತೀರಾ ತಾಯಿ?" ಎಂದು ಕೇಳಿದ್ದೇ ಶುರು. ಈಗ ಪರೀಕ್ಷೆಯ ತಿಂಗಳು ಬಂತೆಂದರೆ ಒಂದು ದಿನ ಮಧುಗಿರಿ, ಒಂದು ದಿನ ಕೊರಟಗೆರೆ, ಇನ್ನೊಂದು ದಿನ ಪಾವಗಡ. ಬರೆಯುವವರು ಪರೀಕ್ಷೆ ತೆಗೆದುಕೊಳ್ಳುವವರಿಗಿಂತ ಕಮ್ಮಿ ಓದಿರಬೇಕು ಎಂಬ ನಿಯಮವಿದೆ. ಅಂಬ್ರೀನ್ ಪಿಯುಸಿಯಲ್ಲಿ ಇಂಗ್ಲಿಷ್‌ನಲ್ಲೇ ನಪಾಸಾದವರು. "ಫೇಲಾಗಿದ್ದಕ್ಕೆ ಸಿಕ್ಕ ಕೆಲಸ ಇದು. ಪಾಸಾಗಿದ್ರೆ ಕರೀತಿರಲಿಲ್ಲ," ಎಂದು ನಗುತ್ತಾರೆ.

ಎಲ್ಲರ ಮಾತೂ ಒಂದೇ ತರ ಇರುವುದಿಲ್ಲವಲ್ಲ. ವೈ.ಎನ್.ಹೊಸಕೋಟೆ ಕಡೆಯ ಹುಡುಗನೊಬ್ಬ ಗಣಿತ ಹೇಳುವಾಗ ಗಾಬರಿಯಾದರೆ ತೆಲುಗಿಗೆ ಇಳಿದುಬಿಡುತ್ತಿದ್ದನಂತೆ. "ಮೂಡು ಅಂದ. ಮೂರು ಅಂತ ಬರೆದೆ. ಅಂಕಿಗೆ ಯಾವ ಭಾಷೆ? ಬಚಾವಾದೆ." ಅಂಕಿಯಲ್ಲಿ ಬಚಾವಾದವರು ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡದ್ದು ಹರ್ಷಿತಾಳ ಮೊದಲ ಪರೀಕ್ಷೆಯಲ್ಲಿ.

ಹರ್ಷಿತಾಳ ಮನೆಯಲ್ಲಿ ಯಾರ ಬಾಯಲ್ಲೂ ಹಕಾರವಿಲ್ಲ. ಹಟ್ಟಿ ಅಟ್ಟಿಯಾಗುತ್ತದೆ, ಹೂವು ಊವಾಗುತ್ತದೆ. ಕನ್ನಡದಲ್ಲಿ ಇದರಿಂದ ಯಾರಿಗೂ ಏನೂ ತೊಂದರೆಯಿಲ್ಲ, ಹೇಳಿದವರಿಗೂ ಕೇಳಿದವರಿಗೂ ಅರ್ಥವಾಗುತ್ತದೆ. ಆದರೆ ಆ ದಿನ ಪರೀಕ್ಷೆಯಲ್ಲಿ ಬೆಳೆ ಹಾಳಾದದ್ದು ಏಕೆ ಎಂಬ ಪ್ರಶ್ನೆಗೆ ಹರ್ಷಿತಾ 'ಹೀಟ್' ಎಂದುಕೊಂಡು 'ಈಟ್' ಎಂದಳು. ಬಿಸಿಲಿನ ಝಳಕ್ಕೆ ಹಾಳಾದ ಬೆಳೆ ಉತ್ತರಪತ್ರಿಕೆಯಲ್ಲಿ ಊಟ ಮಾಡಿದ್ದಕ್ಕೆ ಹಾಳಾಯಿತು.

ಅಂಬ್ರೀನ್ ಅವರದು ಇದರ ಉಲ್ಟಾ ತೊಂದರೆ. ಮನೆಯಲ್ಲಿ ಉರ್ದು ಆಡುವ ಅವರ ನಾಲಗೆ ಸಕಾರದ ಒತ್ತಕ್ಷರ ಕಂಡರೆ ಮುಂದೊಂದು ಇಕಾರ ಕೂರಿಸುತ್ತದೆ: ಇಸ್ಕೂಲ್, ಇಸ್ಟೇಷನ್. ಗದ್ಯಭಾಗದಲ್ಲಿ 'ಸ್ಟೇಟ್' ಎಂದಿದ್ದುದನ್ನು ಅವರು 'ಇಸ್ಟೇಟ್' ಎಂದು ಓದಿದರು. ಹರ್ಷಿತಾಳ ಕಿವಿಗೆ ಅದು 'ಎಸ್ಟೇಟ್' ಎಂದು ಬಿತ್ತು. ರೈತರಿಗೆ ನೀರು ಕೊಟ್ಟ ರಾಜ್ಯವನ್ನು ಬಿಟ್ಟು ಅವಳು ಯಾವುದೋ ಕಾಫಿ ಎಸ್ಟೇಟಿನ ಯಜಮಾನನ ಬಗ್ಗೆ ಉತ್ತರ ಹೇಳುತ್ತಾ ಹೋದಳು. ಅಂಬ್ರೀನ್ ಬರೆಯುತ್ತಾ ಹೋದರು. ವಿವರಿಸುವಂತಿಲ್ಲ, ತಿದ್ದುವಂತಿಲ್ಲ.

ಕಾಲೇಜಿನವರು ಉತ್ತರಪತ್ರಿಕೆ ತೋರಿಸಿದಾಗ ಹರ್ಷಿತಾಳ ತಾಯಿ ಚಿಕ್ಕಲಕ್ಷ್ಮಮ್ಮನವರೂ ಜೊತೆಗಿದ್ದರು. ಕೆಂಪು ಸುತ್ತು ಹಾಕಿದ ಜಾಗಗಳನ್ನು ಅಂಬ್ರೀನ್ ಒಂದೊಂದಾಗಿ ಓದಿ ಹೇಳಿದರು. ಚಿಕ್ಕಲಕ್ಷ್ಮಮ್ಮ ಕೇಳಿದ್ದು ಒಂದೇ ಮಾತು:

"ಅವ್ಳು ಏಳಿದ್ದು ಬಿಸ್ಲು ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಅಮ್ಮ."

"ಗೊತ್ತಾಗೂ ಉಣ್ಣೋದು ಅಂತ ಬರ್ದ್ಯಾ?"

"ಕೇಳಿದ್ದನ್ನೇ ಬರೀಬೇಕಮ್ಮ."

ಅಂದಿನಿಂದ ಆ ತಾಯಿ ಅಂಬ್ರೀನ್ ಜೊತೆ ಸರಿಯಾಗಿ ಮಾತಾಡಿಲ್ಲ. ಅವರು ಕಾಕಡ ಹೂವು ಕಟ್ಟಿ ಶಿರಾ ಮಾರುಕಟ್ಟೆಗೆ ತರುವವರು. ಮೊದಲ ಬಸ್ಸಿಗೆ ಬುಟ್ಟಿಯ ಜೊತೆ ಮಗಳನ್ನೂ ಕರೆತಂದು ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ಮುಂಚೆ ದಿನಾ ಒಂದು ಮೊಳ ಹೂವು ಹರಿದು ಕೌಂಟರ್ ಮೇಲೆ ಇಡುತ್ತಿದ್ದರು. ಅದು ನಿಂತಿದೆ. ಬೇರೆ ಯಾರನ್ನಾದರೂ ಹುಡುಕೋಣ ಎಂದು ಮಗಳಿಗೂ ಹೇಳಿದರಂತೆ. ಮಗಳು ಒಪ್ಪಲಿಲ್ಲ.

"ಬ್ಯಾರೆಯೋರು ಸೇರ್ಸಿ ಬರದ್ರೆ ಪಾಸಾಗ್ತೀನವ್ವ. ಆಮೇಲೆ ಕಾಲೇಜ್ನಾಗೆ ದಿನಾ ಬಂದು ಅವ್ರೇ ಕೂತ್ಕತಾರಾ?" ಇದು ಹರ್ಷಿತಾಳ ಉತ್ತರ.

ಅಂಬ್ರೀನ್ ಅವರಿಗೂ ಆ ಕೆಂಪು ಸುತ್ತುಗಳು ಕಣ್ಣಿನಿಂದ ಹೋಗಿಲ್ಲ. "ಒಂದಕ್ಷರ ಅಲ್ವಾ, ಹಾಕಿಬಿಡಬಹುದಿತ್ತು ಅಂತ ಎಲ್ಲರೂ ಅಂತಾರೆ. ನನಗೂ ಅನ್ನಿಸುತ್ತೆ. ಇವತ್ತು ಅಕ್ಷರ ಹಾಕಿದ ಕೈ ನಾಳೆ ಒಂದು ಸಾಲು ಹಾಕುತ್ತೆ. ಆಮೇಲೆ ಪಾಸಾದವಳು ಅವಳಾ, ನಾನಾ?" ಎಂದು ಕೇಳುತ್ತಾರೆ.

ಸಂದೇಹವಿದ್ದ ಪದವನ್ನು ಅಕ್ಷರ ಬಿಡಿಸಿ ಹೇಳಬಹುದು ಎಂದು ನಿಯಮದಲ್ಲೇ ಇದೆ. ಆದರೆ ಹರ್ಷಿತಾಳಿಗೆ ಸಂದೇಹವೇ ಬರುತ್ತಿರಲಿಲ್ಲ. ಅವಳ ಕಿವಿಗೆ ತನ್ನ ಹೀಟ್ ಹೀಟ್ ಆಗಿಯೇ ಕೇಳುತ್ತಿತ್ತು. ಹಕಾರ ಎಲ್ಲಿ ಬಿತ್ತು ಎನ್ನುವುದಕ್ಕಿಂತ ಮುಂಚೆ ಹಕಾರವೆಂದರೆ ಏನು ಎನ್ನುವುದೇ ಅವಳಿಗೆ ಸಿಗಬೇಕಿತ್ತು.

ಸಿಕ್ಕಿದ್ದು ಈ ಯಂತ್ರದಿಂದ. ಒಂದು ಬೆಳಗ್ಗೆ ಅವಳು ತಡೆಯಲಾರದೆ ಕೇಳಿದಳು: "ಅಕ್ಕ, ದಿನಾ ಬಂದ ತಕ್ಷಣ ಅದೇನು ಸದ್ದು ಮಾಡ್ತೀಯ? ಸುಸ್ತಾಗ್ತದಾ?"

"ಸುಸ್ತೆಲ್ಲಿ ಬಂತು, ಗಾಜಿಗೆ ಉಸಿರು ಬಿಟ್ಟು ಒರೆಸ್ತಾ ಇದೀನಿ ಕಣೇ," ಎಂದವರು ಒರೆಸುವ ಕೈ ನಿಲ್ಲಿಸಿದರು. ಎದ್ದು ಬಂದು ಹುಡುಗಿಯ ಅಂಗೈಯನ್ನು ತಮ್ಮ ಬಾಯಿಯ ಮುಂದೆ ಹಿಡಿದರು. ಹಾ. "ಬೆಚ್ಚಗಾಯ್ತಾ? ಇದೇ ಅದು. ಈಗ ನೀನು."

ಹರ್ಷಿತಾ ತನ್ನ ಅಂಗೈಗೆ ತಾನೇ ಉಸಿರು ಬಿಟ್ಟಳು. ಬೆಚ್ಚಗಾಯಿತು. "ಇಷ್ಟೇನಾ!" ಎಂದಳು. ಆಮೇಲೆ ಮೊದಲು ಹೇಳಿಸಿದ್ದು ಅವಳ ಹೆಸರನ್ನೇ. ಅವಳಿಗೆ ಆ ಹೆಸರಿಟ್ಟವರು ಊರಿನ ಮೇಷ್ಟ್ರು, ಮನೆಯವರು ಹುಟ್ಟಿದಾಗಿನಿಂದ ಕರೆದದ್ದು 'ಅರ್ಸಿತ' ಎಂದೇ. ಆ ದಿನ ಚಿಕ್ಕಲಕ್ಷ್ಮಮ್ಮ ಮಗಳನ್ನು ಕರೆದೊಯ್ಯಲು ಬಂದಾಗ ಅಂಗೈಗೆ ಹೆಸರು ಹೇಳಿಕೊಳ್ಳುತ್ತಿದ್ದ ಅವಳನ್ನು ನೋಡಿ, ಬಾಗಿಲಲ್ಲೇ ನಿಂತು, "ನಮ್ಮಟ್ಟೀಲಿ ಯಾರ್ಗೂ ಇಲ್ದಿರೋ ಅಕ್ಸರ ಇವ್ಳಿಗ್ಯಾಕಂತೆ? ಅವ್ರಜ್ಜಿ ಅದಿಲ್ದೇನೇ ಬಾಳಾಟ ಮಾಡಿದ್ಲು," ಎಂದು ಗಾಳಿಗೆ ಹೇಳಿ ಹೋದರು.

ಅಂಬ್ರೀನ್ ಅವರ ಇಕಾರ ಬಿಡಿಸಿದವಳು ಹರ್ಷಿತಾ. "ಕುಕ್ಕರ್ ಕೂಗೋಕ್ ಮುಂಚೆ ಸ್ಸ್ ಅಂತದಲ್ಲ, ಅಲ್ಲಿಂದ ಸುರು ಮಾಡಕ್ಕ. ಅಲ್ಲು ಕಚ್ಕೊ." ಹಲ್ಲು ಕಚ್ಚಿಕೊಂಡು ಸ್ಸ್‌ಸ್ಟೇಷನ್, ಸ್ಸ್‌ಸ್ಟ್ರೀಟ್ ಎನ್ನುವ ಅಂಬ್ರೀನ್, ಅಂಗೈಗೆ ಹಾಹಾ ಎನ್ನುವ ಹರ್ಷಿತಾ. ಅಂಗಡಿಯ ಮಾಲೀಕ ಹಿದಾಯತುಲ್ಲಾ ಸಾಹೇಬರು ಒಮ್ಮೆ ಬೇಗ ಬಂದವರು ಶಟರ್ ಕೆಳಗಿಂದ ಬಗ್ಗಿ ನೋಡಿ, "ಏನಮ್ಮ, ಒಬ್ಬಳಿಗೆ ದಮ್ಮು, ಒಬ್ಬಳು ಹಾವು. ಗಿರಾಕಿ ಒಳಗೆ ಬರೋದು ಹೆಂಗೆ?" ಎಂದಿದ್ದರು.

"ನಿಂದು ಒಂದಕ್ಷರ ಕಮ್ಮಿ, ನಂದು ಒಂದು ಜಾಸ್ತಿ," ಎಂದು ಅಂಬ್ರೀನ್ ಹರ್ಷಿತಾಳಿಗೆ ಅಂದದ್ದು ಆಗಲೇ.

ಪರೀಕ್ಷೆಯ ದಿನ ಇಬ್ಬರನ್ನೂ ತುಮಕೂರಿನ ಕಾಲೇಜಿನ ಬೇರೆಯದೇ ಕೋಣೆಯಲ್ಲಿ ಕೂರಿಸುತ್ತಾರೆ. ಮೇಲ್ವಿಚಾರಕರೊಬ್ಬರು ಎದುರು ಕುರ್ಚಿ ಹಾಕಿಕೊಳ್ಳುತ್ತಾರೆ. ಗದ್ಯಭಾಗ ರೈಲು ನಿಲ್ದಾಣವೊಂದರಲ್ಲಿ ದಾರಿ ತಪ್ಪಿದ ಮುದುಕನ, ಅವನಿಗೆ ನೆರವಾದ ಹುಡುಗಿಯ ಕತೆ. ಮೊದಲ ಸಾಲಿನಲ್ಲೇ 'ಸ್ಟೇಷನ್'. ಅಂಬ್ರೀನ್ ಹಲ್ಲು ಕಚ್ಚುತ್ತಾರೆ. ಸ್ಸ್‌ಸ್ಟೇಷನ್. ಹರ್ಷಿತಾಳ ತುಟಿಯಂಚಿನಲ್ಲಿ ನಗು ಸುಳಿದು ಹೋಗುತ್ತದೆ. ಇಕಾರದ ಕಂಟಕ ಅಲ್ಲಿಗೆ ಮುಗಿಯಿತು.

ಉತ್ತರ ಹೇಳಲು ಹರ್ಷಿತಾ ಅಂಗೈ ಎತ್ತಿ ಬಾಯಿಯ ಮುಂದೆ ಹಿಡಿಯುತ್ತಾಳೆ. ಮೊದಲೆರಡು ಉತ್ತರ ಸಲೀಸು. ಮೂರನೆಯದಕ್ಕೆ ಕೈ ಎತ್ತಿದಾಗ ಮೇಲ್ವಿಚಾರಕರು ಎದ್ದು ನಿಲ್ಲುತ್ತಾರೆ.

"ಏನದು ಕೈ? ಸನ್ನೆ ಗಿನ್ನೆ ನಡೆಯಲ್ಲ ಇಲ್ಲಿ."

"ಸನ್ನೆ ಅಲ್ಲ ಸಾರ್, ಉಸ್ರು."

"ಉಸಿರಾಡೋಕೆ ಕೈ ಬೇಕೇನಮ್ಮ? ಕೆಳಗಿಡು. ಇನ್ನೊಂದು ಸಲ ಎತ್ತಿದರೆ ಪೇಪರ್ ತಗೊಳ್ತೀನಿ."

ಕೈ ಕೆಳಗಿಳಿಯುತ್ತದೆ. ಅಂಬ್ರೀನ್ ಬಾಯಿ ತೆರೆಯುವಂತಿಲ್ಲ, ಒಂದು ಮಾತಾಡಿದರೂ ಅದೇ ಸನ್ನೆಯಾದೀತು. ಮುದುಕನಿಗೆ ಹುಡುಗಿ ಹೇಗೆ ನೆರವಾದಳು ಎಂಬುದು ಪ್ರಶ್ನೆ. ಅವಳು ಅವನ ಕೈ ಹಿಡಿದಳು ಎಂಬುದು ಉತ್ತರ. ಇಂಗ್ಲಿಷ್‌ನಲ್ಲಿ 'ಶೀ ಹೆಲ್ಡ್ ಹಿಸ್ ಹ್ಯಾಂಡ್'. ಮೂರು ಹಕಾರ ಸಾಲಾಗಿ ನಿಂತಿವೆ.

"ಶೀ ಎಲ್ಡ್ ಇಸ್ ಆ್ಯಂಡ್," ಎನ್ನುತ್ತಾಳೆ ಹರ್ಷಿತಾ.

ಅಂಬ್ರೀನ್ ಪೆನ್ನು ಕಾಗದದ ಮೇಲೆ ನಿಲ್ಲುತ್ತದೆ. ಒಂದೊಂದು ಪದದ ಮುಂದೆಯೂ ಒಂದೊಂದು ಅಕ್ಷರ. ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮೇಲ್ವಿಚಾರಕರು ಕಿಟಕಿಯ ಕಡೆ ನೋಡುತ್ತಿದ್ದಾರೆ. ಹೊರಗೆ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತ ಚಿಕ್ಕಲಕ್ಷ್ಮಮ್ಮ ಕಾಣುತ್ತಾರೆ. "ಆ ಹೊತ್ತಿನಲ್ಲಿ ನನ್ನ ಕೈ ನನ್ನ ಮಾತೇ ಕೇಳ್ತಿರಲಿಲ್ಲ," ಎಂದು ಅಂಬ್ರೀನ್ ಆಮೇಲೆ ಹೇಳುತ್ತಾರೆ. ಕೊನೆಗೆ ಕೇಳಿದ್ದನ್ನು ಕೇಳಿದ ಹಾಗೇ ಬರೆದರು.

ಬರೆದದ್ದನ್ನು ಓದಿಸಿ ಕೇಳುವ ಹಕ್ಕು ಪರೀಕ್ಷೆ ಕೊಡುವವರಿಗಿದೆ. ಪ್ರತಿ ಉತ್ತರ ಮುಗಿದ ಮೇಲೂ ಕೇಳಬೇಕೆಂದು ಅಂಗಡಿಯಲ್ಲಿ ಅಭ್ಯಾಸ ಮಾಡಿದ್ದರು. ಗದರಿಕೆಯ ಗಾಬರಿಯಲ್ಲಿ ಹರ್ಷಿತಾ ಮರೆತು ಮುಂದಿನ ಪ್ರಶ್ನೆ ಎನ್ನುವವಳಿದ್ದಳು. ಪೆನ್ನು ನಿಂತದ್ದು, ಆಮೇಲೆ ತಡವಾಗಿ ನಡೆದದ್ದು ಅವಳ ಕಿವಿಗೆ ಬಿದ್ದಿತ್ತೋ ಏನೋ, "ಓದು," ಎಂದಳು.

ಒತ್ತಿ ಓದಿದರೆ ಅದೂ ಸುಳಿವು ಕೊಟ್ಟಂತೆ. ಅಂಬ್ರೀನ್ ತಮ್ಮ ಬಾಯಲ್ಲಿ ಹುಟ್ಟಿನಿಂದ ಇರುವ ಹಕಾರವನ್ನು ನುಂಗಿಕೊಂಡು, ಸಪ್ಪಗೆ, ಬರೆದದ್ದನ್ನೇ ಓದಿದರು. ಶೀ ಎಲ್ಡ್ ಇಸ್ ಆ್ಯಂಡ್.

ಹರ್ಷಿತಾಳ ಕೈ ಮಡಿಲಲ್ಲಿ ಮುಷ್ಟಿಯಾಗಿದೆ, ಮೇಲೇಳುವುದಿಲ್ಲ. ಅವಳು ನಿಧಾನವಾಗಿ ತಲೆ ಬಗ್ಗಿಸುತ್ತಾಳೆ. ಅಳುತ್ತಾಳೆ ಎಂದುಕೊಳ್ಳುತ್ತಾರೆ ಅಂಬ್ರೀನ್. ಅವಳ ಮೂಗು ಡೆಸ್ಕಿನ ಹಲಗೆಗೆ ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತದೆ. ಆ ನುಣುಪು ಹಲಗೆಯ ಮೇಲೆ ಅವಳು ಬಾಯಿ ತೆರೆದು ಉಸಿರು ಬಿಡುತ್ತಾಳೆ. ಹಾ. ಉಸಿರು ಹಲಗೆಗೆ ಬಡಿದು ಬೆಚ್ಚಗೆ ಅವಳ ಮುಖಕ್ಕೇ ವಾಪಸ್ಸು ಬರುತ್ತದೆ.

"ಒಡ್ದಾಕು ಅದನ್ನ," ಎನ್ನುತ್ತಾಳೆ. ಆಮೇಲೆ ಡೆಸ್ಕಿಗೇ ಹೇಳಿದ ಹಾಗೆ, ಒಂದೊಂದಾಗಿ: "ಶೀ. ಹೆಲ್ಡ್. ಹಿಸ್. ಹ್ಯಾಂಡ್." ಅಷ್ಟಕ್ಕೇ ಬಿಡದೆ, "ಮೂರಕ್ಕೂ ಎಚ್ಚು," ಎಂದು ಸೇರಿಸುತ್ತಾಳೆ.

ಮೇಲ್ವಿಚಾರಕರು ಬಗ್ಗಿ ನೋಡುತ್ತಾರೆ. ಡೆಸ್ಕಿನ ಜೊತೆ ಮಾತಾಡಬಾರದು ಎಂಬ ನಿಯಮ ಅವರಿಗೂ ನೆನಪಾದಂತಿಲ್ಲ. ಉಳಿದ ಉತ್ತರಗಳನ್ನೆಲ್ಲ, ಕೊನೆಯ ಒಂದು ಪುಟವನ್ನೂ, ಹರ್ಷಿತಾ ಬೆನ್ನು ಬಾಗಿಸಿಯೇ ಹೇಳಿ ಮುಗಿಸುತ್ತಾಳೆ.

ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಆಧಾರ್ ಕಾರ್ಡು, ಪಹಣಿ, ಅಂಕಪಟ್ಟಿ ಹಿಡಿದವರ ನೂಕುನುಗ್ಗಲು. ಅಂಬ್ರೀನ್ ಅವರ ಫೋನು ಬಡಿದುಕೊಳ್ಳುತ್ತದೆ. ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಕಾಗದ ಜೋಡಿಸುತ್ತಲೇ ಎತ್ತುತ್ತಾರೆ.

"ಹಲೋ," ಎನ್ನುತ್ತದೆ ಆ ಕಡೆಯ ದನಿ.

"ಯಾರು ಮಾತಾಡೋದು?"

"ಹಲೋ ಅಕ್ಕ. ಹರ್ಷಿತಾ."

ಅಂಬ್ರೀನ್ ಅವರಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ. ಈ ಹುಡುಗಿ ಯಾವತ್ತೂ ಅಲೋ ಅನ್ನುತ್ತಿದ್ದವಳು. ಮುಂದಿನ ಮಾತು ಕೇಳುವ ಮುಂಚೆಯೇ ಅವರಿಗೆ ಗೊತ್ತಾಯಿತಂತೆ. ಪಾಸು. ಅಂಕ ಬಹಳವೇನಲ್ಲ, ಬೇಕಾದಷ್ಟಿದೆ. ಸೀಟು ಉಳಿಯಿತು.

ಮಾರನೆಯ ಬೆಳಗ್ಗೆ ಕೌಂಟರ್ ಮೇಲೆ ಕಾಕಡ ಹೂವು ಇತ್ತು, ಒಂದು ಮೊಳ ಅಲ್ಲ, ಒಂದು ಮಾರು. ಇಟ್ಟವರು ಬುಟ್ಟಿ ಎತ್ತಿಕೊಂಡು ಆಗಲೇ ರಸ್ತೆ ದಾಟುತ್ತಿದ್ದರು. "ಅಂಬ್ರೀನವ್ವ, ಮುಡ್ಕೊಳಲ್ಲ ಅಂದ್ರೆ ನಿನ್ ಮಿಸೀನಿಗಾರ ಆಕ್ಬುಡು," ಎಂದು ಚಿಕ್ಕಲಕ್ಷ್ಮಮ್ಮ ಅಲ್ಲಿಂದಲೇ ಕೂಗಿದರು.

ಹೂವು ಈಗ ಯಂತ್ರದ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಮುಂದಿನ ವಾರ ಮಧುಗಿರಿಯ ದೊಡ್ಡೇರಿ ಕಡೆಯ ಹುಡುಗನೊಬ್ಬನಿಗೆ ಬರೆಯಬೇಕಿದೆ, ಅವನ ಬಾಯಲ್ಲಿ ಯಾವ ಅಕ್ಷರ ಬೀಳುತ್ತದೋ ಇನ್ನೂ ಗೊತ್ತಿಲ್ಲ. ಹರ್ಷಿತಾಳ ಉತ್ತರಪತ್ರಿಕೆಯ ಮೇಲೆ ಅಂಬ್ರೀನ್ ಹೆಸರು ಎಲ್ಲೂ ಇಲ್ಲ, ಇರಲೂಬಾರದು. ಬೇಸರವಿಲ್ಲವೇ ಎಂದರೆ ಅವರು ಮುಚ್ಚಳ ಎತ್ತಿ, ಗಾಜಿಗೆ ಉಸಿರು ಬಿಟ್ಟು, ಒರೆಸಿ, ಬೆಳಕಿಗೆ ಓರೆಯಾಗಿ ನೋಡುತ್ತಾರೆ.

"ಪಾಸಾಗಿದ್ದು ಅವಳು ಕಣಮ್ಮ. ನಾನು ಒಂದು ಜಾಸ್ತಿ ಬರೀಲಿಲ್ಲ, ಒಂದು ಕಮ್ಮಿ ಬರೀಲಿಲ್ಲ."